ಎಡಗಡೆಯ ಹಿಂದಿನ ಚಕ್ರ

ಕೀಂಯ್ ಅಂತ ಮತ್ತೆ, ಕೊಸ್ಮಸನ ಗ್ಯಾರೇಜಿನ ಬಾಗಿಲಲ್ಲಿ ಕಾಲು ಬ್ರೇಕ್ ಪೆಡಲಿಗೆ ತಾಗಿದ್ದೇ ತಡ, ಒಳಗೆ ಚಹಾ ಕುಡಿಯುತ್ತಿದ್ದ ಪಠಾಣ ತಲೆ ಎತ್ತಿ ನೋಡುತ್ತಾನೆ, ನೋಡಲಿ, ಶುಕ್ರವಾರ ಇಲ್ಲಿ ರಜೆ, ಸಲ್ಮಾಬಾದಿನ ಅರ್ಧ ಗ್ಯಾರೇಜು ಬೀದಿ ಮುಚ್ಚಿರುತ್ತದೆ, ಅದಕ್ಕೇ ನನ್ನ ಪಿಕಪ್ಪಿನ ಕಿರುಚಾಟ ಇಷ್ಟು ದೊಡ್ಡದಾಗಿ ಕೇಳುತ್ತದೆ — ಗುಫೂಲಿನ ನಮ್ಮ ಗಲ್ಲಿಯಲ್ಲಂತೂ ಮಕ್ಕಳು ಕಿವಿ ಮುಚ್ಚಿಕೊಂಡು ಫಿಶ್ ಆಂಟಿ ಕಮಿಂಗ್ ಎಂದು ಓಡುತ್ತವೆ, ಮೂರನೇ ಮಹಡಿಯ ಪರ್ಲ್ ಬಾಲ್ಕನಿಯಿಂದಲೇ, ಸುಗಂಧಿಯಕ್ಕ, ನಿಮ್ಮ ಗಾಡಿಗೆ ಹಾರ್ನ್ ಎಂತಕ್ಕೆ, ಬ್ರೇಕೇ ಸಾಕಲ್ಲ, ಬಂಗುಡೆ ಉಂಟಾ ಇವತ್ತು ಅನ್ನುತ್ತಾಳೆ. ಅವಳ ತಮಾಷೆಗೆ ಬೇಸರವಿಲ್ಲ, ಅವಳು ಮೀನು ಕೊಳ್ಳುತ್ತಾಳೆ. ಕಮಲಾಕ್ಷನದ್ದು ತಮಾಷೆಯಲ್ಲ. ನನ್ನ ಗಂಡನ ತಮ್ಮ, ಆಫೀಸಿನ ಏಸಿಯಲ್ಲಿ ಕೂತು ಲೆಕ್ಕ ನೋಡುವವನು, ಕಳೆದ ವಾರ ಬಂದು, ಅತ್ತಿಗೆ, ಆ ಗಾಡಿ ಅಳ್ತಾ ಉಂಟು, ನಾಳೆ ಬ್ರೇಕ್ ಹಿಡಿಯದೆ ಯಾರ ಮೇಲಾದ್ರೂ ಹತ್ತಿದ್ರೆ ಉತ್ತರ ಕೊಡುವವ ಯಾರು, ನನಗೊಬ್ಬ ಗಿರಾಕಿ ಸಿಕ್ಕಿದ್ದಾನೆ, ಕೊಟ್ಟುಬಿಡುವ, ನೀವು ಅಣ್ಣನನ್ನು ಕರ್ಕೊಂಡು ಊರಿಗೆ ಹೋಗಿ ಆರಾಮ ಮಾಡಿ. ಇವರು ಸೋಫಾದಲ್ಲಿ ಕೂತು, ಸಕ್ಕರೆ ಕಾಯಿಲೆ ತಿಂದು ಉಳಿಸಿದ ಮೊಣಕಾಲನ್ನು ಸವರಿಕೊಳ್ಳುತ್ತಿದ್ದರು. ಗಾಡಿ ಹೋದರೆ ಮೀನು ಹೋಯಿತು, ಮನೆಬಾಡಿಗೆ, ಇವರ ಮದ್ದು, ಯಾರನ್ನೂ ಕೇಳದೆ ನಾನು ಮಾರ್ಕೆಟಿಗೆ ಹೊರಡುವ ಬೆಳಗು, ಎಲ್ಲ ಅದರ ಹಿಂದೆಯೇ ಹೋಯಿತು. ಸದ್ದು ನಿಲ್ಲಿಸಿದರೆ ಮಾರುವ ಮಾತು ಬಿಡ್ತೀಯಾ ಅಂದೆ ಕಮಲಾಕ್ಷನಿಗೆ. ಆಯ್ತು, ಶುಕ್ರವಾರ ಬಂದು ನೋಡ್ತೇನೆ ಅಂದ, ನಕ್ಕ.

ಕೊಸ್ಮಸ್ ಹೇಳುವುದು, ಅಕ್ಕ, ಹಿಂದಿನ ಬ್ರೇಕ್ ಪೂರ್ತಿ ಹೊಸದು ಹಾಕುವ, ತಲೆನೋವೇ ಇಲ್ಲ. ಮೊದಲು ಬಿಚ್ಚಿ ನೋಡುವ ಮಾರಾಯ, ಹೊಟ್ಟೆನೋವು ಅಂತ ಬಂದವನಿಗೆ ಹೊಟ್ಟೆಯನ್ನೇ ಬದಲಿಸ್ತಾರಾ ಅಂದೆ. ನಿಮ್ಮ ಹಾಗೆ ನಾಲ್ಕು ಗಿರಾಕಿ ಬಂದ್ರೆ ನಾನೂ ಮೀನು ಮಾರ್ಲಿಕ್ಕೆ ಹೋಗ್ಬೇಕು, ಅಂದರೂ ಜಾಕ್ ತಳ್ಳಿಕೊಟ್ಟ. ಸದ್ದು ಹಿಂದಿನ ಚಕ್ರದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ, ಬರುವಾಗಲೇ ಖಾಲಿ ರಸ್ತೆಯಲ್ಲಿ ನಿಧಾನ ಹೋಗುತ್ತಾ ಹ್ಯಾಂಡ್‌ಬ್ರೇಕ್ ಚೂರೇ ಎಳೆದು ನೋಡಿದ್ದೆ, ಅದು ಹಿಡಿಯುವುದು ಹಿಂದಿನ ಚಕ್ರ ಮಾತ್ರ, ಅದೇ ಕಿರುಚಾಟ, ಅದೂ ಎಡಗಡೆಯಿಂದ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಜಾಕ್ ಏರಿಸಿ ಎಡ ಚಕ್ರ ಕಳಚಿದೆ, ಬ್ರೇಕನ್ನು ಮುಚ್ಚಿದ ಕಬ್ಬಿಣದ ಡ್ರಮ್ ಅಲ್ಲಾಡಲಿಲ್ಲ, ಹಟಮಾರಿ, ನನ್ನಷ್ಟಲ್ಲ, ಅದರ ಎರಡು ತೂತಿಗೆ ಎರಡು ಬೋಲ್ಟು ಕೊಟ್ಟು ಸರದಿಯಲ್ಲಿ ತಿರುಗಿಸುತ್ತಾ ಹೋದರೆ ತಾನಾಗಿ ಹೊರಬರುತ್ತದೆ, ಇವರು ಬಿಚ್ಚುವಾಗ ಟಾರ್ಚ್ ಹಿಡಿದು ನೋಡಿದ್ದೇನೆ. ಒಳಗೆ ಡ್ರಮ್ಮಿಗೆ ಒತ್ತಿ ಹಿಡಿಯುವ ಬ್ರೇಕ್ ಶೂಗಳು ಗಾಜಿನ ಹಾಗೆ ಮಿನುಗುತ್ತಿವೆ, ದಪ್ಪ ಮಾತ್ರ ಬೇಕಾದಷ್ಟಿದೆ, ಶೂ ಕೂತು ಜಾರಬೇಕಾದ ಜಾಗದಲ್ಲಿ ಎಣ್ಣೆಯ ಪಸೆಯಿಲ್ಲ, ತುಕ್ಕು, ತುಕ್ಕಿನ ಮೇಲೆ ಬಿಳಿ ಬಿಳಿ ಉಪ್ಪು — ಉಪ್ಪು ಇಲ್ಲಿಗೆ ಎಲ್ಲಿಂದ, ತಲೆ ಎತ್ತಿದರೆ ನೇರ ಮೇಲೆ ಗಾಡಿಯ ತಳದಲ್ಲಿ ತೂತು, ಮೀನಿನ ಐಸ್ ಕರಗಿದ ನೀರು ಹೋಗಲೆಂದು ಇವರೇ ಕೊರೆದದ್ದು, ದಿನಾ ಚಕ್ರದ ನೆತ್ತಿಗೇ ಅಭಿಷೇಕ. ಇವರಿಗೆ ಫೋನ್ ಮಾಡಿದೆ. ಹೌದಾ, ಒಂದು ರಬ್ಬರ್ ಪೈಪ್ ಸಿಕ್ಕಿಸಿ ನೀರನ್ನು ಹಿಂದಕ್ಕೆ ಬಿಡು, ಎರಡೂ ಕಡೆ ಬಿಚ್ಚು, ಒಂದೇ ಕಡೆ ಮಾಡಿದ್ರೆ ಗಾಡಿ ಎಳೀತದೆ. ಅಷ್ಟೇ ಹೇಳಿದರು, ಮಾರುವ ಗಾಡಿಗೆ ಯಾರೂ ಪೈಪ್ ಹಾಕು ಅನ್ನುವುದಿಲ್ಲ.

ಧೂಳು ಊದಬಾರದು, ಎದೆಗೆ ಹೋಗುತ್ತದೆ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಸ್ಯಾಂಡ್ ಪೇಪರಿನಿಂದ ಶೂಗಳ ಮಿನುಗು ಹೋಗುವವರೆಗೆ ಉಜ್ಜಿದೆ, ತುಕ್ಕು ಕೆರೆದೆ, ಶೂ ಜಾರುವಲ್ಲಿ ಬ್ರೇಕ್ ಗ್ರೀಸ್ ತೆಳ್ಳಗೆ, ಕಣ್ಣಿಗೆ ಕಾಡಿಗೆ ಎಳೆದ ಹಾಗೆ, ಬ್ರೇಕ್ ಹಿಡಿಯುವ ಮೈಗೆ ಮಾತ್ರ ಒಂದು ಹನಿಯೂ ತಾಗಕೂಡದು, ನನ್ನ ಅಂಗೈ ಕಪ್ಪೋ ಕಪ್ಪು — ಮತ್ತು ಕಮಲಾಕ್ಷನ ಆ ಬೆಳ್ಳಗಿನ ಅಂಗೈ, ಇವರ ಕಾಲು ತೆಗೆದ ದಿನ ಸಲ್ಮಾನಿಯಾದ ಆಸ್ಪತ್ರೆಯ ವರಾಂಡದಲ್ಲಿ ನನ್ನೆದುರು ಚಾಚಿದ್ದು, ಗಾಡಿಯ ಕೀ ಇಲ್ಲಿ ಕೊಡಿ ಅತ್ತಿಗೆ, ನಿಮಗೆ ಯಾಕೆ ಆ ತಲೆಬಿಸಿ. ಅಳುವವಳಿಗೆ ಏನು ಗೊತ್ತಾಗುತ್ತದೆ, ಕೊಟ್ಟೆ. ವಾಪಸ್ ಸಿಗಲು ಅವನ ಹೆಂಡತಿಯ ಹತ್ತಿರ ದಮ್ಮಯ್ಯ ಹಾಕಬೇಕಾಯಿತು. ಕೆಟ್ಟವನಲ್ಲ ಕಮಲಾಕ್ಷ, ಅವತ್ತು ರಾತ್ರಿಯಿಡೀ ಅಣ್ಣನ ಮಂಚದ ಹತ್ತಿರ ನಿಂತವನು, ಒಳ್ಳೆಯದು ಮಾಡಲು ಹೊರಟರೆ ಬೇರೆಯವರ ಕೈಯಲ್ಲಿರುವುದೆಲ್ಲ ಅವನಿಗೆ ಭಾರವಾಗಿ ಕಾಣುತ್ತದೆ, ಇಳಿಸಿಕೊಳ್ಳುತ್ತಾನೆ, ಆ ಅಂಗೈ.

ಬಲಗಡೆಯೂ ಮುಗಿಯಿತು, ಪೈಪೂ ಕೂತಿತು, ಅಷ್ಟರಲ್ಲಿ ಕಮಲಾಕ್ಷನ ಬಿಳಿ ಕಾರು. ಇಸ್ತ್ರಿ ಮಾಡಿದ ಅಂಗಿ ಗ್ರೀಸಿಗೆ ತಾಗದ ಹಾಗೆ ದೂರ ನಿಂತ. ಆಯ್ತಾ ಅತ್ತಿಗೆ. ನೋಡು ಅಂದೆ, ಬೀದಿಯ ತುದಿಗೆ ಹೋದೆ, ಅವನ ಕಡೆಗೇ ಬಂದೆ, ಮೆಲ್ಲಗೆ ಒತ್ತಿದೆ, ಜೋರಾಗಿ ಒತ್ತಿದೆ, ಹಿಂದಕ್ಕೆ ತೆಗೆದು ಒತ್ತಿದೆ, ಟೈರಿನಡಿಯ ಮರಳು ಜರ್ ಅಂದದ್ದು ಬಿಟ್ಟರೆ ಏನೂ ಇಲ್ಲ, ಪಠಾಣ ಗ್ಲಾಸು ಕೆಳಗಿಟ್ಟು ಶಾಬಾಶ್ ಅಂದ. ಕಮಲಾಕ್ಷ ಕಿಟಕಿಯ ಹತ್ತಿರ ಬಂದ, ಮುಖ ಅರಳಿದೆ, ಪಾಪ, ನಿಜವಾಗಿ ಖುಷಿಯಾಗಿದೆ ಅವನಿಗೆ, ಒಳ್ಳೇದಾಯ್ತು ಅತ್ತಿಗೆ, ಈಗ ಇನ್ನೂ ಒಳ್ಳೆ ರೇಟ್ ಸಿಗ್ತದೆ, ಆ ಗಿರಾಕಿಗೆ ಈಗಲೇ ತೋರಿಸಿ ಬರುವ, ಇಳಿಯಿರಿ. ಮಾರುವ ಮಾತು ಬಿಡ್ತೇನೆ ಅಂದಿದ್ದೆಯಲ್ಲ ಅಂದೆ. ಅದು ಮಾತಿಗೆ ಹೇಳಿದ್ದಲ್ವಾ ಅತ್ತಿಗೆ. ಮಾತಿಗೆ. ನಾನೂ ಮಾತಿಗೇ ಕೇಳಿದ್ದು ಅಂತ ತಿಳಿದಿದ್ದಾನೆ, ಈ ಉಗುರಿನ ಸಂದಿಯ ಕಪ್ಪು ಮಾತಿಗೆ, ಹಾಗಾದರೆ ಸದ್ದು ನೆಪ, ನಾಳೆ ಟೈರು, ನಾಡಿದ್ದು ನನ್ನ ವಯಸ್ಸು, ಒಂದೊಂದನ್ನೇ ರಿಪೇರಿ ಮಾಡುತ್ತಾ ಇವನಿಗೆ ತೋರಿಸುತ್ತಾ ಹೋಗಬೇಕಾ ನಾನು, ಇಲ್ಲ, ಇನ್ನು ತೋರಿಸುವುದಿಲ್ಲ. ಕೀ, ಅಂದ. ಕಿಟಕಿಯ ಅಂಚಿನಲ್ಲಿ ಅಂಗೈ. ಕೈ ತೆಗಿ ಕಮಲಾಕ್ಷ, ತಾಗ್ತದೆ, ನಾಳೆ ಬೆಳಿಗ್ಗೆ ನನಗೆ ಮಾರ್ಕೆಟ್ ಉಂಟು, ಮನೆಗೆ ಬಾ, ಅಂಜಲ್ ಫ್ರೈ ಮಾಡ್ತೇನೆ. ಗೇರು ಬಿತ್ತು, ಕೊಸ್ಮಸ್ ಬದಿಗೆ ಸರಿದ, ಬೀದಿ ಖಾಲಿ, ಬ್ರೇಕಿನ ಕೆಲಸವೇ ಇಲ್ಲ, ಕನ್ನಡಿಯಲ್ಲಿ ಬಿಳಿ ಕಾರು ಚಿಕ್ಕದಾಗುತ್ತಿದೆ, ಅವನೂ ಚಿಕ್ಕವನಾಗುತ್ತಿದ್ದಾನೆ, ಅಂಗೈ ಹಾಗೇ ಇದೆ, ಮಡಚಲಿಕ್ಕೂ ಮರೆತಿದ್ದಾನೆ, ಬಿಸಿಲಿನಲ್ಲಿ, ಬೆಳ್ಳಗೆ, ಆ ಅಂಗೈ, ಖಾಲಿ ಅಂಗೈ