ಕಳುಹಿಸಲಾಗುವುದು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಮೇಡಂ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಸಾಫ್ಟ್‌ವೇರ್ ಬಳಸುವವರಿಗೆ ಕೊಡುವ ಕೈಪಿಡಿಗಳನ್ನು ತಿದ್ದುವುದು ಅವಳ ಕೆಲಸ. ಹೇಗೆ ಬರೆಯಬೇಕೆಂಬ ನಿಯಮಗಳನ್ನೂ ಅವಳೇ ಮಾಡಿದ್ದಳು. ಒಂದು ವಾಕ್ಯದಲ್ಲಿ ಒಂದೇ ಕೆಲಸ ಹೇಳಿ. ‘ಸುಲಭವಾಗಿ’ ಎಂಬ ಪದ ಬೇಡ. ಅಷ್ಟು ಸುಲಭವಾಗಿದ್ದರೆ ಜನ ಕೈಪಿಡಿಯನ್ನು ಏಕೆ ತೆರೆಯುತ್ತಿದ್ದರು? ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಮಾಡುತ್ತಾರೆಂದು ಹೇಳದೆ ‘ಮಾಡಲಾಗುವುದು’, ‘ಅಳಿಸಲಾಗುವುದು’ ಎಂದು ಬರೆಯಬೇಡಿ.

ಈ ನಿಯಮವನ್ನು ಪಾಲಿಸದವನು ಇಡೀ ಕಚೇರಿಯಲ್ಲಿ ಒಬ್ಬನೇ. ಅವನು ಹಿರಿಯ ಪ್ರೋಗ್ರಾಮರ್. ಅವಳ ಗಂಡನೂ ಹೌದು.

“‘ಲಾಗುವುದು’ ಅಂದ್ರೆ ಮಾತಿಗೆ ಒಂದು ತೂಕ ಬರುತ್ತೆ,” ಎಂಬುದು ಅವನ ವಾದ. ಆ ತೂಕವನ್ನು ಮನೆಗೂ ಹೊತ್ತು ತಂದಿದ್ದ. ಒಂದು ಬೆಳಿಗ್ಗೆ ಅವನು ನೋಡಿಕೊಳ್ಳಬೇಕಿದ್ದ ಹಾಲು ಉಕ್ಕಿ ಹರಿಯಿತು. ಫೋನಿನಿಂದ ತಲೆ ಎತ್ತದೆಯೇ, “ಹಾಲನ್ನು ಉಕ್ಕಿಸಲಾಗಿದೆ,” ಎಂದ.

“ಯಾರು ರೀ ಉಕ್ಕಿಸಿದ್ದು?”

“ಅದನ್ನು ನಂತರ ತಿಳಿಸಲಾಗುವುದು.”

ಅವನ ತಾಯಿ ಒಲೆ ಒರೆಸುವ ಬಟ್ಟೆ ಹಿಡಿದು ಬಂದರು. “ಒಲೆ ಒರೆಸಲಾಗುವುದು. ಯಾರು ಅಂತ ಈಗಲೇ ಹೇಳ್ತೀನಿ. ನೀನು,” ಎಂದು ಬಟ್ಟೆಯನ್ನು ಮಗನ ಕೈಗಿಟ್ಟರು.

ಆಮೇಲೆ ತಂಗಿಯ ಹೆರಿಗೆಗೆಂದು ಅವಳು ರಜೆ ಹಾಕಿ ಹೋದಳು. ಪ್ರಾಣಿಗಳ ಆಸ್ಪತ್ರೆಯೊಂದಕ್ಕೆ ಸಾಫ್ಟ್‌ವೇರ್ ಕೊಡುವುದಿತ್ತು. ಹೆಂಡತಿ ಇಲ್ಲದ ಸಮಯ ನೋಡಿ ಅವನು ಕೈಪಿಡಿಯ ಕೆಲವು ಪುಟಗಳನ್ನು ತಾನೇ ಬರೆದು, ಯಾರ ಕತ್ತರಿಗೂ ಸಿಗದಂತೆ ಕಳಿಸಿಬಿಟ್ಟ. ಅದರಲ್ಲೊಂದು ಸಾಲು: ‘ಲಸಿಕೆಯ ಹಿಂದಿನ ದಿನ ಮಾಲೀಕರಿಗೆ ಸಂದೇಶ ಕಳುಹಿಸಲಾಗುವುದು.’

ಅವಳು ಕೆಲಸಕ್ಕೆ ಮರಳಿದ ದಿನವೇ ಆಸ್ಪತ್ರೆಯ ಡಾಕ್ಟರಮ್ಮನ ಫೋನು ಬಂತು. ಹಿಂದಿನಿಂದ ಬೊಗಳುವ ಸದ್ದು.

“ಯಾರು ಕಳಿಸೋದು ಅಂತ ನಿಮ್ಮ ಕೈಪಿಡೀಲಿ ಇಲ್ವಲ್ಲ! ನಾವೇ ಅಂದ್ಕೊಂಡು ನಾವೂ ಕಳಿಸಿದ್ವಿ, ನಿಮ್ಮ ಸಾಫ್ಟ್‌ವೇರೂ ಕಳಿಸಿದೆ. ಎರಡು ಸಂದೇಶ ಬಂದ್ರೆ ಜನ ಏನು ತಿಳ್ಕೊಳ್ತಾರೆ? ಒಂದು ನಾಯಿಗೆ, ಇನ್ನೊಂದು ಬೆಕ್ಕಿಗೆ ಅಂತ ಎರಡನ್ನೂ ಎತ್ಕೊಂಡು ಬಂದಿದ್ದಾರೆ. ನೀವೇ ಬಂದು ನೋಡಿ.”

ಗಂಡ ಹೆಂಡತಿ ಇಬ್ಬರೂ ಓಡಿದರು. ಬೆಂಚುಗಳ ಕೆಳಗೆಲ್ಲ ನಾಯಿಗಳು, ಮೇಲೆಲ್ಲ ಬೆಕ್ಕಿನ ಬುಟ್ಟಿಗಳು. ನಾಯಿಯ ಸರಪಳಿಯ ಜೊತೆ ಹೆಣಗುತ್ತಿದ್ದ ಅಜ್ಜಿಯೊಬ್ಬರು, “ಸ್ವಲ್ಪ ಹಿಡ್ಕೋಪ್ಪಾ,” ಎಂದು ಅವನ ಕೈಗೆ ಬುಟ್ಟಿಯೊಂದನ್ನು ಕೊಟ್ಟರು. ಮುಚ್ಚಳ ಸಡಿಲವಾಗಿತ್ತು.

“ಕೈಗೇನಾಯ್ತು ರೀ?” ಎಂದು ಅವಳು ಗಾಬರಿಯಾದಳು.

“ಬೆಕ್ಕು ಪರಚ್ತು!”

“ಅಬ್ಬಾ! ಯಾರು ಮಾಡಿದ್ದು ಅಂತ ಬಾಯಿ ಬಿಟ್ಟು ಹೇಳಿದ್ರಲ್ಲ.”

ಡಾಕ್ಟರಮ್ಮ ಗಾಯ ತೊಳೆದು ಔಷಧಿ ಹಚ್ಚಿ, ಇಂಜೆಕ್ಷನ್‌ಗೆ ಮನುಷ್ಯರ ಡಾಕ್ಟರ ಹತ್ತಿರ ಇವತ್ತೇ ಹೋಗಬೇಕೆಂದು ತಾಕೀತು ಮಾಡಿದರು. ಗದ್ದಲ ತಗ್ಗಿದ ಮೇಲೆ ಅವನು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ತಿದ್ದಿದ: ‘ನೀವು ಏನೂ ಮಾಡಬೇಡಿ. ನಾನು ಸಂದೇಶ ಕಳುಹಿಸುತ್ತೇನೆ.’

ಅವಳು ಓದಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. “ನಾನು ಅಂದ್ರೆ? ನೀವೇ ಕೂತು ಊರಿನ ನಾಯಿಗಳಿಗೆಲ್ಲ ಸಂದೇಶ ಕಳಿಸ್ತೀರಾ?” ಎಂದು ‘ನಾನು’ ತೆಗೆದು ‘ಸಾಫ್ಟ್‌ವೇರ್’ ಹಾಕಿ, ಕೊನೆಯ ಪದವನ್ನು ‘ಕಳುಹಿಸುತ್ತದೆ’ ಎಂದು ಬದಲಿಸಿದಳು.

ಡಾಕ್ಟರಮ್ಮ ಓದಿ ತಲೆಯಾಡಿಸಿದರು. “ಈಗ ಅರ್ಥ ಆಯ್ತು. ಹಾಗೇ ಇನ್ನೊಂದು ಕೇಳ್ಲಾ? ಪ್ರತಿ ಅಧ್ಯಾಯದ ಶುರುವಲ್ಲೂ ‘ಈ ಅಧ್ಯಾಯದ ಉದ್ದೇಶ’ ಅಂತ ಅರ್ಧ ಪುಟ ಇದೆಯಲ್ಲ, ಅದು ಯಾರಿಗೆ? ನಾನಂತೂ ಒಂದನ್ನೂ ಓದಿಲ್ಲ.”

ಅದು ಅವಳದೇ ನಿಯಮ. ಬಹಳ ಅಕ್ಕರೆಯಿಂದ ಮಾಡಿದ್ದು. ಗಂಡ ತಟ್ಟನೆ ಗೋಡೆಯ ಮೇಲಿದ್ದ ಹುಳದ ಔಷಧಿಯ ಜಾಹೀರಾತನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

“ತೆಗೀತೀನಿ,” ಎಂದಳು ಅವಳು, ಸಣ್ಣ ದನಿಯಲ್ಲಿ. ಅಲ್ಲೇ ಕೂತು ಒಂದೊಂದಾಗಿ ತೆಗೆದಳು. ಕೈಪಿಡಿ ಎಷ್ಟು ತೆಳ್ಳಗಾಯಿತೆಂದರೆ ಅವಳಿಗೇ ಸ್ವಲ್ಪ ನೋವಾಯಿತು.

ಹೊರಗೆ ಬಂದು ಮನುಷ್ಯರ ಡಾಕ್ಟರನ್ನು ಹುಡುಕುತ್ತ ನಡೆದರು. ಅವನು ತುಟಿ ಬಿಗಿಹಿಡಿದಿದ್ದ, ಕೆನ್ನೆ ಉಬ್ಬಿತ್ತು.

“ನಗೋದಿದ್ರೆ ನಕ್ಕುಬಿಡಿ. ಆಮೇಲೆ ಹೊಟ್ಟೆನೋವು ಬಂದೀತು,” ಎಂದಳು.

ಅವನು ರಸ್ತೆಯ ನಡುವೆಯೇ ನಿಂತು ನಕ್ಕ. ಅವಳಿಗೂ ನಗು ಬಂತು.