ಕರಿಬೇವಿನ ಗಿಡದ ಮರಿ

ಹಂಚಿನ ಮೇಲಿನ ರೊಟ್ಟಿಗೆ ಸುಜಾತಾ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ನೆರಳು ಬಿದ್ದಂತಾಗಿ ತಿರುಗಿದರೆ ಭೂಮಿಕಾ ನಿಂತಿದ್ದಳು. ಲಂಗದ ಅಂಚನ್ನು ಎರಡೂ ಕೈಯಿಂದ ಜೋಳಿಗೆಯ ಹಾಗೆ ಎತ್ತಿ ಹಿಡಿದಿದ್ದಳು. ಏಳು ವರ್ಷದ ಹುಡುಗಿ. ಕರೆಯದೆ ಅಡುಗೆಮನೆಗೆ ಬಂದದ್ದು ಇದೇ ಮೊದಲು.

"ಏನವ್ವ ಅದು?"

ಹುಡುಗಿ ಲಂಗವನ್ನು ತುಸು ತಗ್ಗಿಸಿ ತೋರಿಸಿದಳು. ಒಳಗೆ ಒಣಗಿದ ಎಲೆಯಂಥ ಒಂದು ಗೋಸುಂಬೆ ಮರಿ, ಬಾಲ ಸುರುಳಿ ಸುತ್ತಿಕೊಂಡು, ಬಾಯಿ ತೆರೆದು ಬುಸ್ಸೆನ್ನುತ್ತಿತ್ತು. ಬೇಲಿಗೆಂದು ಗಂಡ ಮೌನೇಶ ಕಡಿದು ತಂದಿದ್ದ ಜಾಲಿ ಮುಳ್ಳಿನ ರಾಶಿಯಲ್ಲಿ ಸಿಕ್ಕಿರಬೇಕು. ಹುಡುಗಿಯ ಮೊಣಕೈ ತುಂಬ ಗೀರು.

ಸುಜಾತಾ ಒಂದು ಹೆಜ್ಜೆ ಹಿಂದೆ ಸರಿದಳು. ಅಂಥ ಪ್ರಾಣಿಯನ್ನು ಅವಳು ಎಂದೂ ಮುಟ್ಟಿದವಳಲ್ಲ. ಆದರೆ ಹುಡುಗಿ ತನ್ನ ಬಳಿಗೆ ಬಂದಿದ್ದಾಳೆ. ರೊಟ್ಟಿ ಸೀದ ವಾಸನೆ ಬಂದರೂ ಅವಳು ಆ ಕಡೆ ತಿರುಗಲಿಲ್ಲ.

"ಇಟ್ಕೊಳ್ಳೋಣೇನು?"

ಭೂಮಿಕಾ ತಲೆಯಾಡಿಸಿದಳು.

ಗೂಡ್ಸ್ ಆಟೋ ಒರೆಸುತ್ತಿದ್ದ ಮೌನೇಶ ಕೇಳಿ ನಕ್ಕ. "ಲೇ, ಫಾರೆಸ್ಟಿನವ್ರು ನೋಡಿದ್ರ ಕೇಸ್ ಜಡಿತಾರ. ತಾಯಿ ಮಗಳಿಗೆ ಸಾಕಾಕ ಬ್ಯಾರೇ ಏನೂ ಸಿಗಲಿಲ್ಲೇನು?"

"ಬೋನಿನಾಗ ಹಾಕಾಕ ನಮ್ದೇನು ಸರ್ಕಸ್ ಐತೇನ್ರಿ? ಕರಿಬೇವಿನ ಗಿಡದ ಮ್ಯಾಲ ಬಿಡ್ತೀವಿ. ಇದ್ರ ಇರ್ಲಿ, ಹೋಗೋದಾದ್ರ ಹೋಗ್ಲಿ."

ಹಾಗೆ ಅಂದ ಮೇಲೆ ಆ ಮಾತು ಸುಜಾತಾಳಿಗೇ ಚುಚ್ಚಿತು. ಭೂಮಿಕಾಳ ವಿಷಯದಲ್ಲೂ ಆಗಿದ್ದ ಕರಾರು ಅದೇ ತಾನೆ. ಹೆತ್ತ ತಾಯಿ ತೀರಿಹೋದ ಮೇಲೆ ಹುಡುಗಿ ಹಿರೇಹಡಗಲಿಯಲ್ಲಿ ತಾಯಿ ಕಡೆಯ ಅಜ್ಜಿ ಬೊಮ್ಮಮ್ಮನ ಹತ್ತಿರ ಬೆಳೆದಿದ್ದಳು. ಮೌನೇಶ ಸುಜಾತಾಳನ್ನು ಮದುವೆಯಾಗಿ, ಶಾಲೆ ಶುರುವಾಗುವ ಹೊತ್ತಿಗೆ ಮಗಳನ್ನು ಗುಡೇಕೋಟೆಗೆ ಕರೆತಂದ. ಬೊಮ್ಮಮ್ಮ ಕಳಿಸುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದಳು: "ದಸರಾ ರಜಾಕ್ಕ ಬರ್ತೀನಿ. ಹುಡುಗಿ ಇಲ್ಲೇ ಇರ್ತೀನಿ ಅಂದ್ರ ಇರ್ಲಿ. ಬರ್ತೀನಿ ಅಂದ್ರ ಕರ್ಕೊಂಡು ಹೋಗಾಕಿ, ಮತ್ತ ಕಳಸಂಗಿಲ್ಲ."

ಭೂಮಿಕಾ ಹಟಮಾರಿಯಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದಳು, ಜಡೆಗೆ ಕೂರು ಅಂದರೆ ಕೂರುತ್ತಿದ್ದಳು. ಅಪ್ಪನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಸುಜಾತಾಳಿಗೆ ಮಾತ್ರ ತಲೆಯಾಡಿಸುವುದಷ್ಟೇ. ಅವ್ವ ಎನ್ನುವುದು ಹಾಗಿರಲಿ, "ಏ" ಎಂದು ಕೂಡ ಕರೆದಿರಲಿಲ್ಲ. ಆದರೆ ನೋಡುತ್ತಿದ್ದಳು. ಕಸ ಗುಡಿಸುವಾಗ, ಬಟ್ಟೆ ಒಗೆಯುವಾಗ ಸುಜಾತಾ ತಲೆಯೆತ್ತಿದರೆ ಸಾಕು, ಆ ಕಣ್ಣು ಅವಳ ಮುಖದ ಮೇಲೇ ಇರುತ್ತಿತ್ತು.

ಮರಿ ಮೊದಮೊದಲು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕೈ ಕಂಡರೆ ಸಾಕು, ಮೈ ಚಪ್ಪಟೆ ಮಾಡಿಕೊಂಡು ಟೊಂಗೆಯ ಆಚೆ ಮಗ್ಗುಲಿಗೆ ಸರಿಯುತ್ತಿತ್ತು. ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ. ಸುಜಾತಾ ಒಗ್ಗರಣೆಗೆ ಎಲೆ ಕೀಳಲು ಹೋದಾಗಲೆಲ್ಲ ಆಚೆ ಬದಿಯ ಟೊಂಗೆಯಿಂದಷ್ಟೇ ಕೀಳುವುದನ್ನು ರೂಢಿ ಮಾಡಿಕೊಂಡಳು. ಪಾತ್ರೆ ತೊಳೆದೆದ್ದು ಕೈಯಲ್ಲಿ ಉಳಿದ ನೀರನ್ನು ಎಲೆಗಳ ಮೇಲೆ ಚಿಮುಕಿಸುವಳು. ಆ ಹನಿಯನ್ನು ಮರಿ ನೆಕ್ಕುತ್ತಿತ್ತು.

"ಮ್ಯಾಲಿಂದ ಕೈ ತರಬ್ಯಾಡವ್ವ," ಎಂದಳು ಭೂಮಿಕಾಳಿಗೆ. "ಹದ್ದು ಬರೋದು ಮ್ಯಾಲಿಂದ. ನಮ್ಮ ಕೋಳಿ ಮರಿ ಹೆದರಂಗಿಲ್ಲೇನು, ಹಂಗ. ಕೆಳಗಿಂದ ತಗೊಂಡು ಹೋಗು. ಅದು ಬರೋ ತನಕ ಸುಮ್ಕ ಹಿಡ್ಕೊಂಡಿರು. ಬರಲಿಲ್ಲ ಅಂದ್ರ ನಾಳಿ ಬರ್ತೈತಿ."

ಹುಡುಗಿ ಸಂಜೆ ಸಂಜೆ ಮಿಡತೆ ಹಿಡಿದು ತಂದು, ಬೆರಳ ತುದಿಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಕೈ ನೋಯುತ್ತಿದ್ದರೂ ಇಳಿಸುತ್ತಿರಲಿಲ್ಲ. ಒಂದು ಸಂಜೆ ಮರಿ ಗಾಳಿಗೆ ಅಲುಗುವ ಎಲೆಯಂತೆ ಹಿಂದೆ ಮುಂದೆ ತೂಗುತ್ತ ಹೆಜ್ಜೆಯಿಟ್ಟಿತು. ಎರಡೂ ಕಣ್ಣು ಮುಂದಕ್ಕೆ ತಿರುಗಿದವು. ಫಟ್ಟನೆ ನಾಲಿಗೆ ಬಂತು, ಹೋಯಿತು. ಬೆರಳು ಖಾಲಿ. ಭೂಮಿಕಾ ಕೇಕೆ ಹಾಕಿ ನಕ್ಕಳು. ಒಳಗೆ ಅಕ್ಕಿ ಆರಿಸುತ್ತಿದ್ದ ಸುಜಾತಾ ಮೊರವನ್ನು ಹಾಗೇ ಹಿಡಿದು ಕೂತಳು. ಎದ್ದು ಹೋದರೆ ಆ ನಗು ನಿಂತೀತು ಎನಿಸಿತ್ತು.

ಶೇಂಗಾ ಕೀಳುವ ದಿನಗಳು ಬಂದವು. ಸುಜಾತಾ ಓಣಿಯ ಹೆಂಗಸರ ಜೊತೆ ಹೊಲಕ್ಕೆ ಹೋಗಿ, ಬಿಸಿಲಲ್ಲಿ ಬೆಂದು, ಬೆವರಿಗೆ ಕೆಮ್ಮಣ್ಣು ಮೆತ್ತಿ ಮುಖ ಕಪ್ಪಿಟ್ಟು ಮನೆಗೆ ಬಂದಳು. ಮಡಿಲಲ್ಲಿ ಹುಡುಗಿಗೆಂದು ಹಸಿ ಶೇಂಗಾ ಇತ್ತು. "ಬಾರವ್ವ" ಎಂದು ಕರೆದರೆ ಭೂಮಿಕಾ ಅವಳ ಮುಖ ನೋಡಿದ್ದೇ ಹಿಂದೆ ಹಿಂದೆ ಸರಿದು ಬಾಗಿಲ ಸಂದಿಯಲ್ಲಿ ನಿಂತಳು.

"ಯಾಕವ್ವ? ನಾ ಏನು ಮಾಡಿದ್ನಿ?"

ಹುಡುಗಿ ಬಾಗಿಲ ಹಿಂದೆ ಇನ್ನಷ್ಟು ಮುದುಡಿಕೊಂಡಳು. ಸುಜಾತಾ ಶೇಂಗಾವನ್ನು ಹೊಸ್ತಿಲ ಮೇಲಿಟ್ಟು ಬಚ್ಚಲಿಗೆ ಹೋಗಿ ಕಣ್ಣೀರನ್ನೂ ಸೇರಿಸಿ ಮುಖ ತೊಳೆದುಕೊಂಡಳು. ಹೊರಗೆ ಬಂದಾಗ ಭೂಮಿಕಾ ಹತ್ತಿರ ಬಂದು ಅವಳ ಕೆನ್ನೆಯನ್ನೂ ಕತ್ತನ್ನೂ ದಿಟ್ಟಿಸಿ ನೋಡಿ, ಆಮೇಲೆ ಶೇಂಗಾ ಸುಲಿಯಲು ಕೂತಳು. ಇದೇನು ಎಂದು ಸುಜಾತಾಳಿಗೆ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಯಾರೋ ಸೆರಗು ಜಗ್ಗಿದರು. ಭೂಮಿಕಾ. ಎಳೆದುಕೊಂಡೇ ಹೋದಳು. ಕರಿಬೇವಿನ ಟೊಂಗೆಯ ಮೇಲೆ ಮರಿ ಇದ್ದಿಲಿನಂತೆ ಕಪ್ಪಾಗಿ ಕೂತಿತ್ತು. ಕೆಳಗೆ ಬೇಲಿಯ ಮೇಲೆ ಒಂದು ಕಾಗೆ.

"ಹುಶ್!" ಸುಜಾತಾ ಕಾಗೆಯನ್ನು ಓಡಿಸಿದಳು. ಅಳುಮುಖದ ಹುಡುಗಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. "ಸತ್ತಿಲ್ಲವ್ವ, ನೋಡು, ಕಣ್ಣು ತಿರುಗಸಾಕತ್ತೈತಿ. ನಿನ್ನ ಮ್ಯಾಲ ಸಿಟ್ಟೂ ಇಲ್ಲ ಅದಕ್ಕ. ಹೆದರೈತಿ, ಅಷ್ಟ. ಹೆದರಿದ್ರ ಕರ್ರಗ ಆಗ್ತೈತಿ ಪಾಪ."

ಬಿಸಿಲು ಏರಿದಂತೆ ಮರಿಯ ಬೆನ್ನ ಮೇಲೆ ಮೆಲ್ಲಗೆ ಹಸಿರು ಮೂಡಿತು. ಭೂಮಿಕಾ ಶಾಲೆಯ ಗಂಟೆ ಕೇಳಿಸಿದರೂ ಏಳಲಿಲ್ಲ. ಮರಿಯನ್ನೊಮ್ಮೆ, ಸುಜಾತಾಳನ್ನೊಮ್ಮೆ ನೋಡುತ್ತ ಕೂತಿದ್ದಳು.

ರಜೆ ಶುರುವಾಗಿ ಬೊಮ್ಮಮ್ಮ ಬಂದೇಬಿಟ್ಟಳು. ಬಸ್ಸಿಳಿದು ಬಂದವಳೇ ಒದ್ದೆ ಅರಿವೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆ ದಂಡೆಯನ್ನು ಮೊಮ್ಮಗಳ ಜಡೆಗೆ ಮುಡಿಸಿದಳು.

"ಬರ್ರಿ ದೊಡ್ಡವ್ವ, ಕುಂದರ್ರಿ. ಚಾ ಇಡ್ತೀನಿ," ಎಂದಳು ಸುಜಾತಾ.

"ಸಕ್ಕರಿ ಕಡಿಮಿ ಹಾಕು ತಂಗಿ. ಏನವ್ವ ಭೂಮಿ, ಇಷ್ಟು ಸೊರಗೀದಿ? ಅಪ್ಪ ಎಲ್ಲಿ, ಗಾಡಿ ಹೊಡಿಯಾಕ ಹೋಗ್ಯಾನೇನು..." ಅಷ್ಟರಲ್ಲಿ ಹುಡುಗಿಯ ಮುಂಗೈ ಮೇಲಿದ್ದದ್ದು ಅವಳ ಕಣ್ಣಿಗೆ ಬಿತ್ತು. "ಅಯ್ಯಯ್ಯ, ಯವ್ವಾ! ಒಗಿ ಅದನ್ನ!"

ಕೊಡವಿಹಾಕಲು ಕೈಯೆತ್ತಿದಳು.

"ಮ್ಯಾಲಿಂದ ಕೈ ತರಬ್ಯಾಡ!"

ಭೂಮಿಕಾಳ ದನಿ ಓಣಿಗೆಲ್ಲ ಕೇಳಿಸುವಷ್ಟು ದೊಡ್ಡದಾಗಿತ್ತು. ಬೊಮ್ಮಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಅಬ್ಬಬ್ಬಾ, ಬಾಯಿ ನೋಡು ಇದರದ್ದು!" ಎಂದು ನಗಲು ನೋಡಿದಳು. ನಗು ಬರಲಿಲ್ಲ. ಎಲೆಯಡಿಕೆ ಚೀಲ ಬಿಚ್ಚುತ್ತ, ನೆಲ ನೋಡುತ್ತ ಕೇಳಿದಳು: "ಆತು, ಬಿಡು. ಬಸ್ಸು ಮಧ್ಯಾಹ್ನಕ್ಕ ಐತಿ. ನನ್ನ ಕೂಡ ಬರ್ತಿಯೇನವ್ವ, ಇಲ್ಲೇ ಇರ್ತಿಯೋ? ನಿನ್ನ ಮನಸಿನಾಗ ಇದ್ದದ್ದು ಹೇಳು. ಯಾರೂ ಏನೂ ಅನ್ನಂಗಿಲ್ಲ."

ಸುಜಾತಾ ಚಹಾ ಸೋಸುತ್ತಿದ್ದಳು. ಲೋಟ ತುಂಬಿ ಹರಿದು ನೆಲಕ್ಕಿಳಿದರೂ ಅವಳಿಗೆ ತಿಳಿಯಲಿಲ್ಲ. 'ಇರವ್ವ' ಎಂದು ಹೇಳುವ ಹಕ್ಕು ತನಗಿದೆಯೋ ಇಲ್ಲವೋ.

ಭೂಮಿಕಾ ಒಲೆಯ ಹತ್ತಿರ ಬಂದು ಸುಜಾತಾಳ ಕಪ್ಪಿಟ್ಟ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಜ್ಜಿ, ನೀನ ಅಂದಿದ್ದಿ," ಎಂದಳು ಹಿಂದೆ ತಿರುಗದೆ. "ಸಣ್ಣವ್ವ ಅಂದ್ರ ಗೋಸುಂಬಿ, ಇವತ್ತು ಹಸರು, ನಾಳಿ ಕರ್ರಗ ಆಗ್ತಾಳ, ನೋಡ್ಕೊಂಡಿರು ಅಂತ."

ಬೊಮ್ಮಮ್ಮನ ಬೆರಳು ಸುಣ್ಣದ ಡಬ್ಬಿಯಲ್ಲೇ ಉಳಿಯಿತು. "ನಾ... ಮಗಳು ಹೋದ ಸಂಕಟದಾಗ ಏನೋ ಅಂದಿರಬೇಕವ್ವ," ಎಂದು ಗೊಣಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರಿ ಹುಡುಗಿಯ ಬೆರಳನ್ನು ಇಕ್ಕಳದಂಥ ಪಾದಗಳಿಂದ ಹಿಡಿದು, ಒಂದು ಕಣ್ಣಲ್ಲಿ ಅಜ್ಜಿಯನ್ನೂ ಇನ್ನೊಂದರಲ್ಲಿ ಸುಜಾತಾಳನ್ನೂ ನೋಡುತ್ತಿತ್ತು. ಭೂಮಿಕಾ ಕೈಯನ್ನು ಕೆಳಗಿನಿಂದ, ನಿಧಾನವಾಗಿ, ಸುಜಾತಾಳ ಕೈಯ ಹತ್ತಿರಕ್ಕೆ ತಂದಳು.

"ನಾ ಅಜ್ಜಿ ಕೂಡ ಹೋಗ್ತೀನಿ ಅಂದ್ರ," ಎಂದು ಕೇಳಿದಳು, "ನಿನಗ ಹೆದರಿಕಿ ಆಗ್ತೈತೇನು?"