ಕೆಂಗೂದಲಿಗೆ ಒಂದು ಹೆಸರು

ಅಂದು ಶನಿವಾರ. ಇಷ್ಟಲಿಂಗ ಪೂಜೆ ಮುಗಿಸಿ ಎದ್ದರೂ ಸಂಸ್ಕೃತ ಪಂಡಿತ ಮುರುಗೇಶಪ್ಪನವರ ಮನಸ್ಸು ನಿಂತಿರಲಿಲ್ಲ. ಕಾಗದನಗರದ ಆ ಪುಟ್ಟ ಮನೆಯ ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಪಡಸಾಲೆಗೆ ಅವರು ಓಡಾಡುತ್ತಲೇ ಇದ್ದರು. ಮಗಳು ರಶ್ಮಿಯನ್ನು ನೋಡಲು ಶಿವಮೊಗ್ಗದಿಂದ ವರನ ತಂದೆ ಪರಮೇಶ್ವರಪ್ಪನವರು ಮನೆಯವರೊಂದಿಗೆ ಬರುವವರಿದ್ದರು. ಅವರಿಗೆ ಕಳುಹಿಸಿದ್ದ ಫೋಟೊದಲ್ಲಿ ರಶ್ಮಿಯ ಕೂದಲು ಕಡುಗಪ್ಪು. ಭದ್ರಾವತಿಯ ಸ್ಟುಡಿಯೋದಲ್ಲಿ ಹಾಗೆ ತಿದ್ದಿಸಿದವರು ತಾಯಿ ದಾಕ್ಷಾಯಣಮ್ಮ. ನಿಜದಲ್ಲಿ ಅವಳದು ಹುಟ್ಟು ಕೆಂಗೂದಲು, ಬಿಸಿಲಿಗೆ ತಾಮ್ರದ ತಂತಿಯಂತೆ ಹೊಳೆಯುವಂಥದು.

"ನೀವೇ ಒಂದು ಮಾತು ಹೇಳ್ರೀ," ಎಂದರು ದಾಕ್ಷಾಯಣಮ್ಮ. "ಡೈ ಕಲಸಿಟ್ಟಾಯ್ತು, ಇವಳು ತಲೆ ಕೊಡ್ತಿಲ್ಲ."

"ಅಪ್ಪ ಬಳ್ಕೋ ಅಂದ್ರೆ ಬಳ್ಕೋತೀನಿ," ಎಂದಳು ರಶ್ಮಿ.

ಮುರುಗೇಶಪ್ಪನವರು ಉತ್ತರ ಕೊಡುವ ಬದಲು ಪ್ರಶ್ನೆಯೊಂದನ್ನು ಹುಡುಕಿದರು. "ನಿನ್ನೆ ಟ್ಯೂಷನ್‌ಗೆ ಬರುವ ಹುಡುಗರು ನಿನ್ನನ್ನು ಏನೋ ಕೂಗಿದರಲ್ಲ, ಅದೇನು ಪದ?"

"ಜಿಂಜರ್. ಟಿವಿ ನೋಡಿ ಕಲಿತಿವೆ."

"ಶುಂಠಿಯಲ್ಲವೆ?"

"ಶುಂಠೀನೇ. ಇಂಗ್ಲೆಂಡಲ್ಲಿ ಕೆಂಪು ಕೂದಲಿನವರಿಗೂ ಅದೇ ಹೆಸರು. ರೆಡ್‌ಹೆಡ್ ಅಂದ್ರೆ ಅಷ್ಟು ಚುಚ್ಚಲ್ಲ. ಜಿಂಜರ್ ಅಂತ ಗೆಳತಿ ಕರೆದ್ರೆ ಸಲಿಗೆ. ತಮ್ಮನ್ನ ತಾವೇ ಹಾಗೆ ಹೇಳ್ಕೊಂಡು ನಗೋರೂ ಇದ್ದಾರೆ. ಗುಂಪು ಕಟ್ಟಿ ಕೂಗಿದ್ರೆ ಮಾತ್ರ ಬೈಗುಳ."

"ಸಂಸ್ಕೃತದ ಶೃಂಗವೇರವೇ ಹಡಗು ಹತ್ತಿ ಹೋಗಿ ಅಲ್ಲಿ ಜಿಂಜರ್ ಆದದ್ದು. ನಾವು ಕಳುಹಿಸಿದ ಪದ..."

"ಪದ ಎಲ್ಲಿಂದಾದ್ರೂ ಹೋಗ್ಲಿ ಅಪ್ಪ. ಬಳೀಲೋ ಬೇಡ್ವೋ?"

"ನಿನ್ನಿಷ್ಟ ಮಗಳೆ," ಎಂದು ಅವರು ಅಂಗಳಕ್ಕೆ ಇಳಿದುಬಿಟ್ಟರು.

ಅವರನ್ನು ಕೊರೆಯುತ್ತಿದ್ದುದು ಇಂಗ್ಲಿಷ್ ಪದವಲ್ಲ. ಕಪಿಲವರ್ಣದ, ಅಂದರೆ ಕೆಂಗೂದಲಿನ, ಕನ್ಯೆಯನ್ನು ವರಿಸಬಾರದೆಂಬ ಹಳೆಯ ಶಾಸ್ತ್ರವಾಕ್ಯವನ್ನು ಅವರು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಅನ್ವಯಸಹಿತ ಬಿಡಿಸಿ ಹೇಳಿದ್ದರು. ಅದೇ ಬಣ್ಣ ಹಸುವಿಗಿದ್ದರೆ ಕಪಿಲೆಯೆಂದು ಪೂಜೆ; ಹೆಣ್ಣಿಗಿದ್ದರೆ ವರ್ಜ್ಯ. ಪಾಠ ಹೇಳುವಾಗ ಅವರ ನಾಲಿಗೆ ಒಮ್ಮೆಯೂ ತಡವರಿಸಿರಲಿಲ್ಲ. ಈಗ ಆ ವಾಕ್ಯ ಅವರ ಮನೆಯ ಬಚ್ಚಲಲ್ಲಿ, ಡೈ ಬಟ್ಟಲಿನ ಪಕ್ಕದಲ್ಲಿ ಕುಳಿತಿತ್ತು.

ಅಪ್ಪ ಬೇಡವೆನ್ನದ್ದನ್ನೇ ಒಪ್ಪಿಗೆಯೆಂದು ತಿಳಿದು ರಶ್ಮಿ ತಾಯಿಗೆ ತಲೆ ಕೊಟ್ಟಳು. ಎಡಭಾಗಕ್ಕೆ ಹಚ್ಚಿ ನೆನೆಯಲು ಬಿಟ್ಟು, ದಾಕ್ಷಾಯಣಮ್ಮ ಬಲಭಾಗಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಬೀಗರಿಗೆ ಹೇಳಿದ್ದು ರಾಹುಕಾಲ ಕಳೆದ ಮೇಲೆ, ಹನ್ನೊಂದಕ್ಕೆ. ಅವರೋ, ರಾಹುಕಾಲದಲ್ಲಿ ದಾರಿಯ ಮೇಲಿರಬಾರದೆಂದು ಒಂಬತ್ತರೊಳಗೇ ಬಂದಿಳಿದಿದ್ದರು. ಮುಹೂರ್ತ ನೋಡಿಕೊಟ್ಟ ಪಂಡಿತರಿಗೆ ಇದು ಹೊಳೆದಿರಲಿಲ್ಲ.

ರಶ್ಮಿ ಗಡಿಬಿಡಿಯಲ್ಲಿ ತಲೆ ತೊಳೆದು, ಟವೆಲ್ ಸುತ್ತಿಕೊಂಡು ಪಾನಕದ ತಟ್ಟೆ ತಂದಳು. ಪರಮೇಶ್ವರಪ್ಪನವರ ತಾಯಿ ಕಲ್ಲಮ್ಮ ಮಲ್ಲಿಗೆ ದಂಡೆ ಹಿಡಿದು, "ಬಾರೇ ಮಾರಾಯ್ತಿ, ಜಡೆ ನಾನೇ ಹಾಕ್ತೀನಿ," ಎಂದು ಟವೆಲ್ ಎಳೆದರು. ಎಡಕ್ಕೆ ಕಪ್ಪು, ಬಲಕ್ಕೆ ಕೆಂಪು. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ಅವರಿಗೆ ನಗು ಬಂತು.

"ಅಯ್ಯೋ ಕೂಸೇ! ನಾನು ಮದರಂಗಿ ಮೆತ್ತಿ ಮೆತ್ತಿ ಕೆಂಪು ಮಾಡ್ಕೊಂಡಿದೀನಿ, ನಿಂಗೆ ಶಿವ ಪುಕ್ಕಟೆ ಕೊಟ್ಟಿದ್ದಾನೆ. ಕಪ್ಪು ಯಾಕೆ ಬಳ್ಕೊಂಡೆ?"

ಪರಮೇಶ್ವರಪ್ಪನವರು ನಗಲಿಲ್ಲ. "ನೀನು ಸುಮ್ನಿರವ್ವ. ಪಂಡಿತರೇ, ಫೋಟೊದಲ್ಲಿ ಹೀಗಿರಲಿಲ್ಲ. ಇಂಥ ಹುಡುಗಿ ಬೇಡ ಅಂತ ಶಾಸ್ತ್ರದಲ್ಲಿ ಇದೆಯೋ ಇಲ್ಲವೋ? ನೀವೇ ಹೇಳಿ."

ಇಲ್ಲವೆಂದರೆ ಸಂಬಂಧ ಉಳಿಯಬಹುದಿತ್ತು. ದಾಕ್ಷಾಯಣಮ್ಮನ ಕಣ್ಣು ಅದನ್ನೇ ಬೇಡುತ್ತಿತ್ತು.

"ಇದೆ," ಎಂದರು ಮುರುಗೇಶಪ್ಪ. "ನಾನೇ ಪಾಠ ಹೇಳಿದ್ದೇನೆ. ಕೆಂಜೆಡೆಯ ಶಿವನನ್ನು ಕರಸ್ಥಲದಲ್ಲಿಟ್ಟು ನಿತ್ಯ ಪೂಜಿಸುವವನೂ ನಾನೇ. ಆ ವಾಕ್ಯವನ್ನು ನನ್ನ ಮಗಳ ತಲೆಯ ಮೇಲೆ ಹೊರಿಸಲಾರೆ. ಫೋಟೊ ತಿದ್ದಿಸಿದ್ದು ಮಾತ್ರ ನಮ್ಮ ತಪ್ಪು, ಕ್ಷಮಿಸಿ."

ಎದ್ದು ಹೋಗೋಣವೆಂದರೆ ರಾಹುಕಾಲ ಆರಂಭವಾಗಿತ್ತು. ಪರಮೇಶ್ವರಪ್ಪನವರು ಗಡಿಯಾರ ನೋಡಿದರು, ಮತ್ತೆ ನೋಡಿದರು. ಕೊನೆಗೆ ವರ ರೇಣುಕಾಪ್ರಸಾದ್ ಗಂಟಲು ಸರಿಪಡಿಸಿಕೊಂಡ.

"ನನಗೇನೂ ತೊಂದ್ರೆ ಇಲ್ಲಪ್ಪ. ಇಂಗ್ಲಿಷ್ ಪಿಕ್ಚರಲ್ಲೂ ಜಿಂಜರ್‌ಗಳು ಇರ್ತಾರೆ. ಮದುವೆ ದಿವಸ, ಆಮೇಲೆ ನಮ್ಮ ಕಡೆ ಕಾರ್ಯಗಳಿಗೆ ಬಂದಾಗ ಡೈ ಮಾಡ್ಕೊಂಡ್ರೆ ಆಯ್ತು."

ರಶ್ಮಿ ಅವನನ್ನು ನೇರವಾಗಿ ನೋಡಿದಳು. "ಕಾರ್ಯ ಇಲ್ಲದ ದಿನ, ಮನೆಯಲ್ಲಿ? ಹೇಗಿರ್ಲಿ?"

ಉತ್ತರ ಹೇಳುವ ಮೊದಲು ಅವನ ಕಣ್ಣು ತಂದೆಯ ಮುಖವನ್ನು ಹುಡುಕಿತು. ಅಷ್ಟನ್ನು ಕಂಡು ಅವಳು ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡಳು. "ಅಪ್ಪ, ನನಗೆ ಬೇಡ," ಎಂದಳು, ಮೆಲ್ಲಗೆ.

ಈ ಸಲ ಮುರುಗೇಶಪ್ಪನವರು 'ನಿನ್ನಿಷ್ಟ' ಎನ್ನಲಿಲ್ಲ. "ಪರಮೇಶ್ವರಪ್ಪನವರೇ, ನನಗೂ ಬೇಡ. ಮಾತುಕತೆ ಇಲ್ಲಿಗೇ ನಿಲ್ಲಲಿ. ಹೊರಡುವ ಹೊತ್ತಾಗುವವರೆಗೆ ತಿಂಡಿ ತಿನ್ನಿ."

ತಿಂಡಿ ತಿಂದವರು ಕಲ್ಲಮ್ಮ ಒಬ್ಬರೇ.

ಅವರು ಹೋದಮೇಲೆ ಅಡುಗೆಮನೆಯಲ್ಲಿ ದಾಕ್ಷಾಯಣಮ್ಮ ಪಾತ್ರೆ ಬಡಿಯುತ್ತ ಅತ್ತರು. ಹಿತ್ತಿಲಲ್ಲಿ ರಶ್ಮಿ ತಲೆ ಒಣಗಿಸಿಕೊಳ್ಳುತ್ತಿದ್ದಳು. ಸಂಜೆ ಪೂಜೆಗೆ ಕುಳಿತರೂ ಮುರುಗೇಶಪ್ಪನವರ ಮನಸ್ಸು ನಿಲ್ಲಲಿಲ್ಲ. ಶಾಸ್ತ್ರವನ್ನು ಮೀರಿದ ಭಯವೋ, ಅಷ್ಟು ವರ್ಷ ಅದನ್ನು ಹಾಗೆಯೇ ಪಾಠ ಹೇಳಿದ ಸಂಕಟವೋ, ಅವರಿಗೆ ತಿಳಿಯಲಿಲ್ಲ. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅವರು ಕಣ್ಣು ಮುಚ್ಚಿದರು.